ಬೂತಾಯಿ ಮೀನುಗಾರಿಕೆ: ಕಡಲಿನ ಉಷ್ಣತೆ ಮತ್ತು ದರ

ಬೂತಾಯಿ (ಸಾರ್ಡಿನೆಲ್ಲ ಲಾಂಜಿಸೆಪ್ಸ್) ಅರಬ್ಬೀ ಸಮುದ್ರದ ದಡದ ಹತ್ತಿರ ಹಿಂಡುಗಟ್ಟಿ ತಿರುಗುವ, ಎಣ್ಣೆಯಂಶ ಹೆಚ್ಚಿರುವ ಸಣ್ಣ ಮೀನು. ಕುಂದಾಪುರದ ಕಡೆ ಬೈಗೆ, ಉತ್ತರ ಕನ್ನಡದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ ಎನ್ನುತ್ತಾರೆ. ಕರಾವಳಿಯ ಬಡವರ ಊಟಕ್ಕೆ ಇದರಷ್ಟು ಒದಗಿಬಂದ ಮೀನು ಕಡಿಮೆ. ಇದರಷ್ಟು ಕೈಕೊಡುವ ಮೀನೂ ಕಡಿಮೆ.

ಮುಂಗಾರಿನಲ್ಲಿ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ದಡದ ಬಳಿ ಮೇಲೇಳುತ್ತದೆ. ಆಗ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿಯ ಮುಖ್ಯ ಮೇವು ಇದೇ. ಈ ಮೀನಿಗೆ ಒಗ್ಗುವ ನೀರು ಸುಮಾರು 26ರಿಂದ 28 ಡಿಗ್ರಿ ಸೆಲ್ಸಿಯಸ್‌ನದು. ಬಿಸಿ ಹೆಚ್ಚಿದರೆ ಹಿಂಡು ಆಳಕ್ಕೋ ದೂರಕ್ಕೋ ಸರಿಯುತ್ತದೆ, ಮೇವು ಸಾಲದಿದ್ದರೆ ಸಂತಾನವೂ ಸೊರಗುತ್ತದೆ. ಆಯುಸ್ಸು ಎರಡು–ಮೂರು ವರ್ಷವಷ್ಟೇ ಆದ್ದರಿಂದ ಒಂದು ಮಳೆಗಾಲ ಕೆಟ್ಟರೆ ಮುಂದಿನ ವರ್ಷವೇ ಬಲೆಯಲ್ಲಿ ಗೊತ್ತಾಗುತ್ತದೆ. 2012ರಲ್ಲಿ ಕೇರಳದಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. ಪೆಸಿಫಿಕ್ ಕಡಲನ್ನು ಬಿಸಿಯಾಗಿಸುವ ಎಲ್ ನಿನೊ ಪ್ರಬಲವಾಗಿದ್ದ 2015ರಲ್ಲಿ ಅದು 70 ಸಾವಿರ ಟನ್ನಿಗಿಂತ ಕೆಳಗಿಳಿಯಿತು; 2021ರಲ್ಲಿ 3,500 ಟನ್ ಕೂಡ ದಾಟಲಿಲ್ಲ. ತಪ್ಪೆಲ್ಲವನ್ನೂ ಬಿಸಿಯ ಮೇಲೆ ಹೊರಿಸುವಂತಿಲ್ಲ. ಮರಿಗಳನ್ನೂ ಬಿಡದೆ ಬಾಚಿದ್ದು ಕುಸಿತವನ್ನು ಇನ್ನಷ್ಟು ಆಳವಾಗಿಸಿತು.

ಬಾಚುವಂತೆ ಮಾಡುವುದು ದರ. ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಹೊರಟಿತೆಂದರೆ ಇಪ್ಪತ್ತೈದು–ಮೂವತ್ತು ಜನರ ಊಟ, ಡೀಸೆಲ್, ಮಂಜುಗಡ್ಡೆ ಎಲ್ಲವೂ ಮೊದಲೇ ಖರ್ಚು. ಅದನ್ನು ಕಳೆದು ಉಳಿದದ್ದರಲ್ಲಿ ಪಾಲು. ಮಲ್ಪೆ ಬಂದರಿಗೋ ಮಂಗಳೂರಿನ ದಕ್ಕೆಗೋ ಒಂದೇ ಬೆಳಗ್ಗೆ ಹತ್ತಾರು ಬೋಟು ತುಂಬಿ ಬಂದರೆ ಏಲಂ ದರ ಬಿದ್ದುಹೋಗುತ್ತದೆ. ಬುಟ್ಟಿಗೆ ಹೋಗದೆ ಉಳಿದ ಮೀನು ಫಿಶ್‌ಮೀಲ್ ಕಾರ್ಖಾನೆಯ ಲಾರಿ ಹತ್ತಿ, ಎಣ್ಣೆಯೂ ಸಿಗಡಿ ಸಾಕಣೆಯ ಮೇವೂ ಆಗುತ್ತದೆ. ಫಿಶ್‌ಮೀಲ್ ಎಂಬ ಈ ಮೀನಿನ ಹಿಟ್ಟಿನ ಬೆಲೆ ಬಹುಮಟ್ಟಿಗೆ ನಿರ್ಧಾರವಾಗುವುದು ದೂರದ ಪೆಸಿಫಿಕ್‌ನಲ್ಲಿ. ಪೆರುವಿನ ಕಡಲು ಬಿಸಿಯಾಗಿ ಆಂಚೊವೆಟ ಮೀನುಗಾರಿಕೆ ಕೆಟ್ಟ 1972–73ರಲ್ಲಿ ಜಗತ್ತಿನಾದ್ಯಂತ ಅದರ ದರ ಏರಿತು. ಅಲ್ಲಿನ ಮುಖ್ಯ ವಲಯದ ಮೊದಲ ಹಂಗಾಮು ರದ್ದಾದ 2023ರಲ್ಲೂ ಹಾಗೆಯೇ ಆಯಿತು.

ಮೀನು ಕಡಿಮೆಯಾದಾಗ ಬೋಟುಗಳು ತಾವಾಗಿ ದಡ ಸೇರುತ್ತವೆ ಎಂಬ ಲೆಕ್ಕ ಬೂತಾಯಿಯ ಮಟ್ಟಿಗೆ ಪೂರ್ತಿ ಕೂಡಿಬರುವುದಿಲ್ಲ. ಅಭಾವದಲ್ಲಿ ಕಿಲೋ ಬೆಲೆ ಏರುವುದರಿಂದ ಅರೆಬರೆ ಬಲೆ ಬಿದ್ದರೂ ಡೀಸೆಲ್ ಖರ್ಚು ಹುಟ್ಟುತ್ತದೆ. ಊಟದ ಮೀನಾಗದ ಮರಿಗೂ ಕಾರ್ಖಾನೆಯಲ್ಲಿ ಬೆಲೆಯಿದೆ. ಹಾಗಾಗಿ ಕಡಲಿಗೆ ಬಿಡುವು ಬೇಕಾದ ಹೊತ್ತಿಗೇ ಒತ್ತಡ ಮುಂದುವರಿಯುತ್ತದೆ. ಈ ಕಾರಣಕ್ಕೇ ಕೇರಳ ಸರ್ಕಾರ 2015ರಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯುವುದನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಜೂನ್–ಜುಲೈ ತಿಂಗಳಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ.