ಗೋಲ್ ಡಾಕ್‌ಖಾನಾ ಬಳಿಯ ಇಗರ್ಜಿ



ಹೌಜ್ ಖಾಸ್‌ನಲ್ಲಿ ಮನೆ ಮಾಡಿರುವವರ ಬಾಯಲ್ಲಿ ‘ಹಳೆಯ ಕಟ್ಟಡ’ ಎಂಬ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ಎದುರಿಗೇ ಅಲ್ಲಾವುದ್ದೀನ್ ಖಿಲ್ಜಿ ಕಟ್ಟಿಸಿದ ಕೆರೆ, ದಂಡೆಯ ಮೇಲೆ 1352ರ ಸುಮಾರಿಗೆ ಫಿರೋಜ್ ಷಾ ತುಘಲಕ್ ಕಟ್ಟಿಸಿದ ಮದರಸಾ. ಇವುಗಳ ಮುಂದೆ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್ ಮೊನ್ನೆ ಮೊನ್ನೆಯ ಕೂಸು. ಬಾಂಗ್ಲಾ ಸಾಹಿಬ್ ಗುರುದ್ವಾರದ ಕಡೆ ಹೋಗುವಾಗ ನೀವೂ ನೋಡಿರುತ್ತೀರಿ. ಒಳಗೆ ಕಾಲಿಟ್ಟವರು ಕಡಿಮೆ.

ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬರುತ್ತದೆಂದು 1911ರಲ್ಲಿ ಘೋಷಣೆಯಾಯಿತಲ್ಲ, ಆ ಹೊಸ ಊರಿನಲ್ಲಿ ಆಳುವವರ ಆಂಗ್ಲಿಕನ್ ಚರ್ಚಿಗೆ ವೈಸರಾಯ್ ಬಂಗಲೆಯ ಸಮೀಪವೇ ಜಾಗ ಸಿಕ್ಕಿತು. ಕ್ಯಾಥೊಲಿಕರಿಗೆ ಆಗ ದೆಹಲಿಯಲ್ಲಿ ಸ್ವಂತ ಬಿಷಪ್ಪರೂ ಇರಲಿಲ್ಲ, ಎಲ್ಲದಕ್ಕೂ ಆಗ್ರಾದ ಕಡೆ ನೋಡಬೇಕು. ಮುಂದೆ ನಿಂತವರು ಫ್ರಾನ್ಸಿಸ್ಕನ್ ಪಾದ್ರಿ ಫಾದರ್ ಲ್ಯೂಕ್. ಗೋಲ್ ಡಾಕ್‌ಖಾನಾ ಹತ್ತಿರ 14 ಎಕರೆ ನೆಲ ದೊರೆಯಿತು. 1929ರಲ್ಲಿ ಆಗ್ರಾದ ಆರ್ಚ್‌ಬಿಷಪ್ ವನ್ನಿ ಅಡಿಗಲ್ಲು ಇಟ್ಟರು, 1930ರಲ್ಲಿ ಕೆಲಸ ಶುರುವಾಯಿತು. ಆರ್ಚ್‌ಬಿಷಪ್ಪರ ಪೀಠ ದೆಹಲಿಗೆ ಬಂದದ್ದು 1937ರಲ್ಲಿ, ಅದೂ ಸಿಮ್ಲಾದ ಜೊತೆ ಸೇರಿ.

ತಮಾಷೆಯೆಂದರೆ, ಎರಡು ಚರ್ಚುಗಳ ನಕ್ಷೆಯೂ ಒಬ್ಬನದೇ. ಹೆನ್ರಿ ಮೆಡ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ. ಅಲ್ಲಿ ಗಂಭೀರವಾದ ಕಲ್ಲು ಕಟ್ಟಡ ಎಬ್ಬಿಸಿದವನು ಇಲ್ಲಿ ಇಟಲಿಯ ಮಾದರಿಗೆ ಹೊರಳಿದ. ಕೆಂಪು ಇಟ್ಟಿಗೆಯ ಗೋಡೆ, ಎದುರಿಗೆ ಬಿಳಿಯ ಕಂಬಗಳು, ಎರಡೂ ಪಕ್ಕಕ್ಕೆ ಅಂತಸ್ತು ಅಂತಸ್ತಾಗಿ ಏರುವ ದುಂಡು ಗೋಪುರಗಳು. ದೂರದಿಂದ ನೋಡಿದರೆ ಪಗೋಡದ ನೆನಪಾಗುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಮುಂಬಾಗಿಲ ಮೇಲಿನ ಚಿತ್ರ. ಸಾಮ್ರಾಜ್ಯದ ದರ್ಪ ತೋರಿಸಲೆಂದೇ ಕಟ್ಟಿದ ಊರಿನಲ್ಲಿ, ಇದ್ದದ್ದನ್ನೆಲ್ಲ ಬಿಟ್ಟು ಬಡತನ ವರಿಸಿದ ಅಸಿಸಿಯ ಸಂತ ಫ್ರಾನ್ಸಿಸ್ ಅಲ್ಲಿ ನಿಂತಿದ್ದಾನೆ! ಒಳಗೆ ಎತ್ತರದ ಕಮಾನು ಚಾವಣಿ, ನುಣುಪು ಕಲ್ಲಿನ ನೆಲ, ಅಮೃತಶಿಲೆಯ ಬಲಿಪೀಠ. ಮೈಕಿನ ಮುಂದೆ ದುಡಿಯುವ ನನ್ನಂಥವಳು ಅಲ್ಲಿ ಪಿಸುಗುಡುವುದಕ್ಕೂ ಯೋಚಿಸಬೇಕು.

1999ರ ನವೆಂಬರ್ 6ರಂದು ಪೋಪ್ ಎರಡನೆಯ ಜಾನ್ ಪಾಲ್ ಏಷ್ಯಾದ ಚರ್ಚುಗಳಿಗಾಗಿ ಬರೆದ ಪತ್ರಕ್ಕೆ ಸಹಿ ಹಾಕಿದ್ದು ಇಲ್ಲಿಯೇ. ಮರುವರ್ಷ ಆರ್ಚ್‌ಬಿಷಪ್ ಪೀಠಕ್ಕೆ ಬಂದ ವಿನ್ಸೆಂಟ್ ಕೊನ್ಸೆಸ್ಸಾವೊ ಮಂಗಳೂರು ಕಡೆಯವರು, 2012ರವರೆಗೆ ಇದ್ದರು. ಒಂದು ಕಾಲಕ್ಕೆ ಆಗ್ರಾದ ಕಡೆ ನೋಡುತ್ತಿದ್ದ ದೆಹಲಿಯ ಇಗರ್ಜಿಗೆ ನಮ್ಮ ಕರಾವಳಿಯವರೇ ಗುರುಗಳಾದರು.

ಹೌಜ್ ಖಾಸ್‌ನಿಂದ ಹಳದಿ ಮಾರ್ಗದ ಮೆಟ್ರೊ ಹಿಡಿದು ಪಟೇಲ್ ಚೌಕ್‌ನಲ್ಲಿ ಇಳಿಯಿರಿ, ಅಲ್ಲಿಂದ ನಡೆದೇ ಹೋಗಬಹುದು.