ಗೀಗೀ ಪದ (ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆ)

ಬೆಳಗಾವಿ ಜಿಲ್ಲೆಯ ಈ ಸೀಮೆಯಲ್ಲಿ ಮೇಳಗಟ್ಟಿ ಹಾಡುವ ಕಥನ ಮತ್ತು ವಾದದ ಹಾಡು. ಮುಂದಾಳು ದಪ್ಪು ಬಡಿಯುತ್ತ ಪದ ಎತ್ತುತ್ತಾನೆ. ಹಿಮ್ಮೇಳದವರು ತುಂತುಣಿ ಮೀಟಿ, ತಾಳ ಹಾಕಿ, ‘ಗೀಗೀ’ ಎಂದು ದನಿಗೂಡಿಸುತ್ತಾರೆ. ಮರಾಠಿಯ ಕಲ್ಗಿ–ತುರಾ ಪಂಥಗಳಂತೆ ಇಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳಿವೆ. ಒಂದು ಶಿವನನ್ನೂ ಗಂಡನ್ನೂ ಹೆಚ್ಚೆಂದರೆ, ಇನ್ನೊಂದು ಶಕ್ತಿಯನ್ನೂ ಹೆಣ್ಣನ್ನೂ ಹೆಚ್ಚೆನ್ನುತ್ತದೆ. ಜಾತ್ರೆಯಲ್ಲಿ ಎರಡೂ ಎದುರುಬದುರಾದರೆ ಸವಾಲು–ಜವಾಬು ಬೆಳಗಿನವರೆಗೂ ನಡೆಯುತ್ತದೆ.

ಗೀಗೀ ಮೇಳಗಳು ಹಾಡುವ ಕಥೆಗಳಿಗೆ ಹಳೆಯ ಲಾವಣಿಗಳೇ ಬುನಾದಿ. ಕಿತ್ತೂರಿನ 1824ರ ಯುದ್ಧ, ಕಲೆಕ್ಟರ್ ಥ್ಯಾಕರೆಯ ಸಾವು, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ರಾಣಿ ಚೆನ್ನಮ್ಮ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ: ಇವು ಎಲ್ಲರಿಗೂ ತಿಳಿದ ವಸ್ತುಗಳು. ಅಷ್ಟಾಗಿ ಗಮನಕ್ಕೆ ಬಾರದ್ದು ಈ ಹಾಡುಗಳಲ್ಲಿ ಕಾಣುವ ದಿನನಿತ್ಯದ ಸಂಗತಿ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ, ಬ್ರಿಟಿಷರ ವಿರುದ್ಧ ದಂಗೆಯೆದ್ದ ಹಲಗಲಿಯ ಬೇಡರ ಹಾಡುಗಳ ಜೊತೆಗೆ ಸರ್ಕಾರ ಹೇರಿದ ಆದಾಯ ತೆರಿಗೆಯ ಮೇಲಿನ ಹಾಡೂ ಇದೆ. ಜನರ ತಲೆಯ ಮೇಲೆ ಬಿದ್ದ ಹೊಸ ಹೊರೆ ಹಾಡಾಗಲು ಹೆಚ್ಚು ಕಾಲ ಬೇಕಿರಲಿಲ್ಲ.

ಫ್ಲೀಟ್ ಸಂಗ್ರಹದ ಇನ್ನೊಂದು ಲಾವಣಿ ಸಂಗ್ಯಾನ ಕೊಲೆಯದು. ಗೊಂದಲ ಇರುವುದು ಇಲ್ಲಿ. ಬೈಲಹೊಂಗಲದಲ್ಲಿ ನಡೆದದ್ದೆಂದು ಜನ ನಂಬುವ ಈ ಘಟನೆಯಲ್ಲಿ ವ್ಯಾಪಾರಿ ಈರ್ಯಾನ ಹೆಂಡತಿ ಗಂಗಿಗೆ ಮನಸೋತ ಸಂಗ್ಯಾ, ಗೆಳೆಯ ಬಾಳ್ಯಾನ ವಿಶ್ವಾಸಘಾತದಿಂದ ಕೊಲೆಯಾಗುತ್ತಾನೆ. ಇದೇ ಕಥೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿಯೂ ಹೆಸರಾಗಿದೆ. ಅದನ್ನು ಕಟ್ಟಿದವರು ಪತ್ತಾರ ಮಾಸ್ತರ ಎಂಬುದು ಪರಂಪರೆಯ ಮಾತು. ಅನೇಕ ಬರಹಗಳು ಲಾವಣಿಯನ್ನೂ ಸಣ್ಣಾಟವನ್ನೂ ಒಂದೇ ಕೃತಿಯಂತೆ ಉಲ್ಲೇಖಿಸುತ್ತವೆ. ಇದು ಸರಿಯಲ್ಲ. ಲಾವಣಿ ನಡೆದದ್ದನ್ನು ಹೇಳುವ ಹಾಡು. ಸಣ್ಣಾಟ ಪಾತ್ರಗಳು ವೇಷ ತೊಟ್ಟು ಆಡುವ ನಾಟಕ. ಅಲ್ಲಿ ಗಂಗಿಗೆ ಸ್ವಂತ ದನಿ ಸಿಗುತ್ತದೆ, ನೋಡುವವರ ಕನಿಕರವೂ ಗಂಡನಿಂದ ಪ್ರೇಮಿಗಳತ್ತ ಸರಿಯುತ್ತದೆ. ಚಂದ್ರಶೇಖರ ಕಂಬಾರರು ಸಣ್ಣಾಟದ ಪಠ್ಯವನ್ನು ಸಂಪಾದಿಸಿದ ಮೇಲೆ ಅದು ನಗರದ ರಂಗಭೂಮಿಗೂ ಬಂತು. 1992ರಲ್ಲಿ ಸಿನಿಮಾ ಆಯಿತು. ಹೀಗೆ ನಾಟಕದ ನೆನಪೇ ಮುಂದಾಗಿ ಲಾವಣಿಯ ನೆನಪು ಹಿಂದೆ ಬಿತ್ತು.

ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ರಾಮದುರ್ಗ ತಾಲ್ಲೂಕಿನ ಹುಲಕುಂದ ಗೀಗೀ ಪದದ ದೊಡ್ಡ ನೆಲೆಯಾಗಿತ್ತು. ಹುಲಕುಂದದ ಭೀಮಕವಿ ಗೀಗೀ ಪದಗಳಲ್ಲಿ ರಾಷ್ಟ್ರೀಯ ವಿಚಾರವನ್ನು ಹಾಡಿದ ಪ್ರಮುಖ ಕವಿ. ಸಭೆಗೆ ಬಾರದ, ಪತ್ರಿಕೆ ಓದದ ರೈತನಿಗೂ ಈ ಹಾಡು ಮುಟ್ಟುತ್ತಿತ್ತು. ಇದೇ ಸೀಮೆಯಲ್ಲಿ ಕೇಳಿಬರುವ, ಸವದತ್ತಿ ಯಲ್ಲಮ್ಮನ ಗುಡ್ಡದ ಚೌಡಿಕೆ ಪದಗಳು ಮಾತ್ರ ಬೇರೆಯೇ ಸಂಪ್ರದಾಯ. ತುಂತುಣಿ ಅಲ್ಲಿಯೂ ಕಾಣಿಸುತ್ತದೆ ಎಂಬ ಕಾರಣಕ್ಕೆ ಅವನ್ನು ಗೀಗೀ ಪದದ ಲೆಕ್ಕಕ್ಕೆ ಸೇರಿಸಬಾರದು.

1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ, ಆಮೇಲೆ ಕ್ಯಾಸೆಟ್, ಈಗ ಮೊಬೈಲ್ ಗೀಗೀ ಪದಗಳನ್ನು ಊರಾಚೆ ಒಯ್ದಿವೆ. ಚಂದನ್ ಶೆಟ್ಟಿಯವರ ‘ತ್ರೀ ಪೆಗ್’ (2016) ಕನ್ನಡ ರ್ಯಾಪನ್ನು ಮನೆಮಾತಾಗಿಸಿದ ಬಳಿಕ ಗೀಗೀ ಪದವನ್ನು ‘ನಮ್ಮ ಹಳೆಯ ರ್ಯಾಪ್’ ಎನ್ನುವುದು ಸುಲಭ. ಎದುರಾಳಿಗೆ ಸವಾಲೆಸೆಯುವುದು, ಗತ್ತಿಗೆ ತಕ್ಕಂತೆ ಮಾತು ಹೊಸೆಯುವುದು, ಕೇಳುವವರಿಗೆ ಗೊತ್ತಿರುವ ಹೆಸರು–ಸುದ್ದಿಗಳನ್ನು ಪದದೊಳಗೆ ತರುವುದು ಎರಡರಲ್ಲೂ ಉಂಟು. ಆದರೆ ರ್ಯಾಪ್ ಬಂದದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1970ರ ದಶಕದಲ್ಲಿ ಹುಟ್ಟಿದ ಹಿಪ್‌ಹಾಪ್‌ನಿಂದ. ಇವೆರಡಕ್ಕೂ ಇರುವುದು ಹೋಲಿಕೆ ಮಾತ್ರ, ವಂಶಸಂಬಂಧವಲ್ಲ.