ಥೇಮ್ಸ್ ದಂಡೆಯ ಹಳೆಯ ಹಡಗುಕಟ್ಟೆಗಳ ನಡಿಗೆ ದಾರಿ

ಲಂಡನ್ ನಗರದ ಈ ನಡಿಗೆ ದಾರಿ ಸೇಂಟ್ ಕ್ಯಾಥರೀನ್ ಡಾಕ್ಸ್‌ನಿಂದ ಹೊರಟು, ಟವರ್ ಬ್ರಿಜ್ ದಾಟಿ, ದಕ್ಷಿಣ ದಂಡೆಯ ಶಾಡ್ ಥೇಮ್ಸ್ ಬೀದಿಯಲ್ಲಿ ಸಾಗಿ ಸೇಂಟ್ ಸೇವಿಯರ್ಸ್ ಡಾಕ್‌ನಲ್ಲಿ ಮುಗಿಯುತ್ತದೆ.

ಸೇಂಟ್ ಕ್ಯಾಥರೀನ್ ಡಾಕ್ಸ್ ಅನ್ನು ಎಂಜಿನಿಯರ್ ಥಾಮಸ್ ಟೆಲ್ಫೋರ್ಡ್ ರೂಪಿಸಿದರು. ಸಾವಿರಾರು ನಿವಾಸಿಗಳನ್ನು ಒಕ್ಕಲೆಬ್ಬಿಸಿ ಕಟ್ಟಿದ ಇದು 1828ರಲ್ಲಿ ಆರಂಭವಾಯಿತು. ಉಗ್ರಾಣಗಳು ನೀರಿನ ಅಂಚಿಗೇ ಇದ್ದುದರಿಂದ ಹಡಗಿನ ಸರಕನ್ನು ನೇರವಾಗಿ ಒಳಗೆ ಎತ್ತಿಕೊಳ್ಳಬಹುದಾಗಿತ್ತು. ಇಲ್ಲಿ ಉಳಿದಿರುವ ಐವರಿ ಹೌಸ್ ದಂತದ ದಾಸ್ತಾನಿಗೆ ಹೆಸರಾಗಿತ್ತು.

1894ರಲ್ಲಿ ತೆರೆದ ಟವರ್ ಬ್ರಿಜ್‌ನ ನಡುವಿನ ಹಾಸು ಎರಡು ಭಾಗವಾಗಿ ಮೇಲೇಳುತ್ತದೆ. ಎತ್ತರದ ಹಡಗುಗಳು ಮೇಲ್ಭಾಗದ ಕಟ್ಟೆಗಳಿಗೆ ಹೋಗಲು ಮಾಡಿದ ಏರ್ಪಾಡಿದು.

ಶಾಡ್ ಥೇಮ್ಸ್‌ನಲ್ಲಿರುವ ಬಟ್ಲರ್ಸ್ ವಾರ್ಫ್ 1871–73ರಲ್ಲಿ ಇಟ್ಟಿಗೆಯಿಂದ ಕಟ್ಟಿದ ಉಗ್ರಾಣ ಸಮುಚ್ಚಯ. ಚಹಾ, ಕಾಫಿ, ಸಕ್ಕರೆ, ಸಾಂಬಾರ ಪದಾರ್ಥಗಳು ಇಲ್ಲಿ ಇಳಿಯುತ್ತಿದ್ದವು. ಸಿನಮನ್ ವಾರ್ಫ್, ಕಾರ್ಡಮಮ್ ಬಿಲ್ಡಿಂಗ್ ಎಂಬ ಹೆಸರುಗಳು ಆ ವ್ಯಾಪಾರವನ್ನು ನೆನಪಿಸುತ್ತವೆ.

ಗಮನಿಸಿ: ಬೀದಿಯಲ್ಲಿ ತಲೆ ಎತ್ತಿ ನೋಡಿದರೆ ಬೇರೆ ಬೇರೆ ಮಟ್ಟಗಳಲ್ಲಿ ಅಡ್ಡಹಾಯುವ ಕಬ್ಬಿಣದ ಸೇತುವೆಗಳು ಕಾಣುತ್ತವೆ. ನದಿಬದಿಯ ಉಗ್ರಾಣದಿಂದ ಹಿಂದಿನ ಉಗ್ರಾಣಕ್ಕೆ ಪೀಪಾಯಿ, ಮೂಟೆಗಳನ್ನು ಸಾಗಿಸಿದ್ದು ಇವುಗಳ ಮೇಲೆಯೇ.

ದೊಡ್ಡ ಹಡಗುಗಳು ಮತ್ತು ಕಂಟೇನರ್ ಸಾಗಣೆ ಬಂದಂತೆ ವಹಿವಾಟು ನದಿಯ ಕೆಳಭಾಗಕ್ಕೆ ಸರಿಯಿತು. ಸೇಂಟ್ ಕ್ಯಾಥರೀನ್ ಡಾಕ್ಸ್ 1968ರಲ್ಲಿ, ಬಟ್ಲರ್ಸ್ ವಾರ್ಫ್ 1972ರಲ್ಲಿ ಮುಚ್ಚಿದವು. ಇಂದು ಉಗ್ರಾಣಗಳಲ್ಲಿ ಮನೆ, ಅಂಗಡಿ, ಹೋಟೆಲುಗಳಿವೆ.

ದಾರಿಯ ಕೊನೆಯಲ್ಲಿರುವ ಸೇಂಟ್ ಸೇವಿಯರ್ಸ್ ಡಾಕ್, ನೆಕಿಂಜರ್ ಎಂಬ ಉಪನದಿ ಥೇಮ್ಸ್ ಸೇರುವ ಜಾಗ. ಇಳಿತದ ವೇಳೆ ಇದರ ಕೆಸರು ತಳ ಕಾಣುತ್ತದೆ.